ಏಕಾಂತಯ್ಯನವರ ದ್ವೀಪವಾಸ

ಎಲ್ಲ ಶುರುವಾದದ್ದು ಒಂದು ರಬ್ಬರ್ ಕೊಳವೆಯಿಂದ. ಲೂರ್ದುಸ್ವಾಮಿಯವರ ಭಾವಮೈದ ಹಡಗಿನಲ್ಲಿ ಕೆಲಸಕ್ಕಿದ್ದವನು. ರಜೆಗೆ ಬಂದಾಗ ನೀರೊಳಗೆ ಮೀನು ನೋಡುವ ದೊಡ್ಡ ಕನ್ನಡಕ, ಉಸಿರಾಡುವ ಕೊಳವೆ ತಂದುಕೊಟ್ಟಿದ್ದ. ಲೂರ್ದುಸ್ವಾಮಿ ಅವನ್ನು ಆಫೀಸಿಗೆ ತಂದು, ಪಕ್ಕದ ಮೇಜಿನ ಏಕಾಂತಯ್ಯನವರಿಗೆ ಒಂದು ಫೋಟೋ ಬೇರೆ ತೋರಿಸಿದರು. ಅಂಡಮಾನಿನ ಕಡೆಯ ಪುಟ್ಟ ದ್ವೀಪ. ನೀಲಿ ನೀರು, ತೆಂಗಿನ ಮರ, ಕೆಳಗೊಂದು ಡೇರೆ.

“ಇಲ್ಲಿ ಯಾರೂ ಇಲ್ವಲ್ರೀ!” ಅಂದರು ಏಕಾಂತಯ್ಯ.

“ಅದೇ ಕಣ್ರೀ ವಿಶೇಷ. ಒಬ್ರೇ ನಡೀಬೋದು, ಒಬ್ರೇ ಈಜ್ಬೋದು, ಒಬ್ರೇ ಮಲಗ್ಬೋದು.”

ಏಕಾಂತಯ್ಯನವರ ಕಣ್ಣು ಒದ್ದೆಯಾಯಿತು. ಅಪ್ಪ ಅಮ್ಮ ಆ ಹೆಸರಿಟ್ಟದ್ದೇ ಬಂತು, ಹುಟ್ಟಿದಾಗಿನಿಂದ ಅವರು ಒಂದು ಗಂಟೆಯೂ ಒಬ್ಬರೇ ಇದ್ದವರಲ್ಲ. ಹುಟ್ಟಿದ್ದೇ ಅವಳಿಯಾಗಿ. ಓದಿದ್ದು ಮಠದ ಹಾಸ್ಟೆಲಿನಲ್ಲಿ, ಜಮಖಾನದ ಮೇಲೆ ಸಾಲಾಗಿ ಮಲಗಿ. ಈಗಿರುವುದು ಅಗ್ರಹಾರದ ವಠಾರ. ಅಲ್ಲಿ ಒಬ್ಬರು ಕೆಮ್ಮಿದರೆ ಆರು ಮನೆಯಿಂದ ಕಷಾಯ ಬರುತ್ತದೆ.

ಅಂಡಮಾನು ದೂರ, ಕಾವೇರಿ ಹತ್ತಿರ. ಬಸ್ಸಿಳಿದು ಸ್ವಲ್ಪ ನಡೆದರೆ ಹೊಳೆಯ ನಡುವೆ ಒಂದು ಗಡ್ಡೆ ಇತ್ತು. ಹೊಂಗೆ ಮರ, ಬಂಡೆ, ಸೊಂಟದುದ್ದದ ತಿಳಿನೀರು. ತೆಪ್ಪದ ಜವರಯ್ಯ ಬೆಳಿಗ್ಗೆ ಬಿಟ್ಟು ಸಂಜೆ ಕರೆತರಲು ಒಪ್ಪಿದ. ಕನ್ನಡಕ, ಕೊಳವೆ ಎರಡನ್ನೂ ಲೂರ್ದುಸ್ವಾಮಿ ಎರವಲು ಕೊಟ್ಟರು. ಒಂದೇ ಒಂದು ಭಾನುವಾರ ತಮ್ಮ ಪಾಡಿಗೆ ತಾವಿದ್ದರೆ ಜನ್ಮ ಸಾರ್ಥಕ ಎಂದುಕೊಂಡ ಏಕಾಂತಯ್ಯ, ಗುಟ್ಟನ್ನು ಹೆಂಡತಿ ಪ್ರೇಮಲೀಲಾಗೆ ಮಾತ್ರ ಹೇಳಿದರು. ಅವಳು ಅವರೆಕಾಯಿ ಬಿಡಿಸುತ್ತ, “ಹೋಗ್ಬನ್ನಿ” ಅಂದಳು.

ಭಾನುವಾರ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಕಳ್ಳಹೆಜ್ಜೆಯಲ್ಲಿ ಹೊರಟರೆ, ಮೊದಲ ಮನೆಯ ದೇವೀರಮ್ಮ ರಂಗೋಲಿ ಬಿಡುತ್ತಿದ್ದರು.

“ಏಕಾಂತಯ್ನೋರೇ, ಎಲ್ಲಿಗೊಂಟ್ರಿ?” ಎಂದವರೇ ನಾಲಿಗೆ ಕಚ್ಚಿಕೊಂಡರು. ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಿದರೆ ಹೋದ ಕೆಲಸ ಆಗುವುದಿಲ್ಲವಲ್ಲ! “ಅಯ್ಯೋ ಶಿವ್ನೇ, ಕೇಳ್ಬುಟ್ನಲ್ಲಾ! ಒಳಕ್ಕೋಗಿ ಕೂತು, ನೀರು ಕುಡ್ದು ಒರಡಿ.”

ಏಕಾಂತಯ್ಯ ಒಳಗೆ ಹೋಗಿ, ಕೂತು, ನೀರು ಕುಡಿದು ಬಂದರು. ನಲ್ಲಿಯ ಹತ್ತಿರ ಹಲ್ಲುಜ್ಜುತ್ತಿದ್ದ ಕಾಫಿಪುಡಿ ಅಂಗಡಿಯ ಸಿದ್ದಲಿಂಗಸ್ವಾಮಿ, ಬಾಯಿತುಂಬ ನೊರೆ ಇಟ್ಟುಕೊಂಡೇ “ಎಲ್ಲಿಗ್ರೀ?” ಅಂದರು. ಮತ್ತೆ ಒಳಗೆ, ಮತ್ತೆ ನೀರು. ಮೂರನೆಯ ಸಲ ಕೇಳಿದ್ದು ಹಾಲಿನವನು. ಅಷ್ಟು ಹೊತ್ತಿಗೆ ಮೊದಲ ಬಸ್ಸು ಹೋಗಿತ್ತು, ಏಕಾಂತಯ್ಯನವರ ಹೊಟ್ಟೆ ಕೊಡದಂತೆ ಕುಲುಕುತ್ತಿತ್ತು. ಸಾಲದ್ದಕ್ಕೆ ಚೀಲದಿಂದ ಕೊಳವೆ ಇಣುಕಿತು.

ಸಿದ್ದಲಿಂಗಸ್ವಾಮಿ ಅದನ್ನು ಎಳೆದು ನೋಡಿದರು. “ಇದೇನ್ರೀ, ಗ್ಯಾಸ್ ಪೈಪಾ? ನೋಡಿದ್ರೆ ಪಿಕ್ನಿಕ್ಕಿಗೆ ಹೊರಟಂಗಿದೆ. ಇರಿ ಇರಿ, ನಾನೂ ಬತ್ತೀನಿ. ಭಾನುವಾರ ಮನೇಲಿ ಕೂತು ಬೇಜಾರಾಗೋಗಿದೆ.”

ವಠಾರವೆಲ್ಲ ಹೊರಗೆ ಬಂತು. ಏಕಾಂತಯ್ಯನವರ ಜೀವ ಬಾಯಿಗೆ ಬಂತು, ಅದರ ಜೊತೆಗೇ ಒಂದು ಸುಳ್ಳೂ ಬಂತು.

“ಪಿಕ್ನಿಕ್ ಅಲ್ಲ ಸ್ವಾಮೀ, ವ್ರತ! ಮೌನವ್ರತ. ಹೊಳೆ ಮಧ್ಯದ ಗಡ್ಡೇಲಿ ಸಂಜೆ ತನಕ ಒಬ್ನೇ ಇರ್ಬೇಕು. ನೀರಲ್ಲಿ ಮುಖ ಮುಳುಗ್ಸಿ ಪಂಚಾಕ್ಷರಿ ಜಪಿಸ್ಬೇಕು. ಉಸಿರಿಗೆ ಅಂತ ಈ ಕೊಳವೆ.”

ದೇವೀರಮ್ಮ ಓಡಿಹೋಗಿ ವಿಭೂತಿ ತಂದು ಹಣೆತುಂಬ ಬಳಿದರು. ಸಿದ್ದಲಿಂಗಸ್ವಾಮಿ ನೊರೆ ಒರೆಸಿಕೊಂಡು ಕೈಮುಗಿದರು. ಬಾಗಿಲಲ್ಲಿ ನಿಂತ ಪ್ರೇಮಲೀಲಾ ಎಲ್ಲವನ್ನೂ ಕೇಳಿಸಿಕೊಂಡು, ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು.

ಗಡ್ಡೆಯ ಮೇಲೆ ಕಾಲಿಟ್ಟು, ಜವರಯ್ಯನ ತೆಪ್ಪ ಮರೆಯಾದದ್ದೇ ತಡ, ಏಕಾಂತಯ್ಯ ಕುಣಿದರು. ಬೆಡ್‌ಶೀಟನ್ನು ಎರಡು ಮರದ ನಡುವೆ ಕಟ್ಟಿ ಡೇರೆ ಮಾಡಿದರು. ದ್ವೀಪವನ್ನು ಒಂದು ಸುತ್ತು ಬಂದರು. ಬೇಗ ಮುಗಿದುಹೋಯಿತೆಂದು ಅಪ್ರದಕ್ಷಿಣೆಯಾಗಿ ಇನ್ನೊಂದು ಸುತ್ತು ಹಾಕಿದರು. ಗಂಟಲು ಬಿಚ್ಚಿ ವಚನ ಹಾಡಿದರು. ಯಾರೂ ಗೋಡೆ ತಟ್ಟಲಿಲ್ಲ.

ಆಮೇಲೆ ಕನ್ನಡಕ ಏರಿಸಿ, ಕೊಳವೆ ಕಚ್ಚಿ, ನೀರಿನ ಮೇಲೆ ಬೋರಲಾಗಿ ತೇಲಿದರು. ಆಹಾ! ಹಸಿರು ಬೆಳಕು, ನುಣುಪು ಕಲ್ಲು, ಮೊಣಕಾಲಿಗೆ ಕಚಗುಳಿ ಇಡುವ ಮರಿಮೀನು. ಒಂದು ಮೀನು ಗಾಜಿನ ಹತ್ತಿರವೇ ಬಂದು ಮುಖ ನೋಡಿತು. ಅದೂ ಕೂಡ ‘ಎಲ್ಲಿಗೆ’ ಎಂದು ಕೇಳಲಿಲ್ಲ. ಏಕಾಂತಯ್ಯನವರಿಗೆ ಅಷ್ಟು ಸುಖ ಬದುಕಿನಲ್ಲಿ ಯಾವತ್ತೂ ಆಗಿರಲಿಲ್ಲ.

ಯಾರೋ ಜುಟ್ಟು ಹಿಡಿದು ಎಳೆದರು.

“ಓಗ್ಬುಟ್ರು ಕಣ್ರಪ್ಪೋ! ತೇಲ್ತಾವ್ರೆ!” ದೇವೀರಮ್ಮನವರ ಕೂಗು ಎರಡು ದಡಕ್ಕೂ ಕೇಳಿಸಿತು. ಪಟ್ಟಾಪಟ್ಟಿ ಚಡ್ಡಿಯ ಸಿದ್ದಲಿಂಗಸ್ವಾಮಿ ಏಕಾಂತಯ್ಯನವರನ್ನು ದಡಕ್ಕೆ ದರದರ ಎಳೆದು, ಬೋರಲು ಮಲಗಿಸಿ, ಬೆನ್ನಮೇಲೆ ಕೂತು ಒತ್ತಿದರು. ಬೆಳಿಗ್ಗೆ ಕುಡಿದ ನೀರೆಲ್ಲ ಆಚೆ ಬಂತು.

ಕಣ್ಣು ಬಿಟ್ಟರೆ ಇಡೀ ವಠಾರ ಅಲ್ಲಿತ್ತು. ಸೀಮೆಎಣ್ಣೆ ಸ್ಟೌ, ಕೊಳದಪ್ಪಲೆ, ಚಾಪೆ, ಕೇರಂ ಬೋರ್ಡು! ಸಿದ್ದಲಿಂಗಸ್ವಾಮಿಯವರ ಮೆಟಡೋರಿನಲ್ಲಿ ಬಂದವರನ್ನು ಜವರಯ್ಯ ಕಂತುಕಂತಾಗಿ ಸಾಗಿಸುತ್ತಿದ್ದ.

ಏಕಾಂತಯ್ಯ ಬಯ್ಯಲು ಬಾಯಿ ತೆರೆದರು. ದೇವೀರಮ್ಮ ಗಪ್ಪನೆ ಅವರ ಬಾಯಿ ಮುಚ್ಚಿದರು. “ಬ್ಯಾಡಿ! ಮಾತಾಡಿದ್ರೆ ವ್ರತ ಕೆಟ್ಟೋಯ್ತದೆ. ನಾವೆಲ್ಲ ನೋಡ್ಕೋತೀವಿ, ನೀವು ಸುಮ್ನಿರಿ.”

ಸುಮ್ಮನಿದ್ದರು, ಇನ್ನೇನು ಮಾಡುತ್ತಾರೆ? ಡೇರೆಯಲ್ಲಿ ಸಿದ್ದಲಿಂಗಸ್ವಾಮಿ ಗೊರಕೆ ಹೊಡೆದರು. ಸುತ್ತ ಅಂತ್ಯಾಕ್ಷರಿ ನಡೆಯಿತು. ಎದುರು ಮಾತಾಡದ ಮನುಷ್ಯ ಸಿಕ್ಕಿದನೆಂದು ಒಬ್ಬೊಬ್ಬರೇ ಪಕ್ಕದಲ್ಲಿ ಕೂತು ಸೊಸೆಯ ಮೇಲಿನ ದೂರು, ಮಂಡಿನೋವು, ಬಾಡಿಗೆ ತಕರಾರು ಎಲ್ಲ ಹೇಳಿಕೊಂಡು ಹಗುರಾದರು. “ಎಂಥಾ ಒಳ್ಳೆ ಮನುಷ್ಯ, ಒಂದು ಮಾತು ಅಡ್ಡ ಬರಲ್ಲ” ಎಂದು ಹೊಗಳಿದರು. ಬಿಸಿಬೇಳೆಬಾತ್ ಮಾತ್ರ ಬಹಳ ಚೆನ್ನಾಗಿತ್ತು. ಏಕಾಂತಯ್ಯ ಸಿಟ್ಟಿನಲ್ಲೇ ಮೂರು ಸಲ ಹಾಕಿಸಿಕೊಂಡರು.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದರೆ, ಪ್ರೇಮಲೀಲಾ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಎಣ್ಣೆನೀರು ಹಾಕಿಕೊಂಡ ಕೂದಲು ಹರಡಿತ್ತು. ಕೈಯಲ್ಲಿ ಕಾಫಿ, ಮುಖದಲ್ಲಿ ಹೊಸ ಕಳೆ.

“ಅಲ್ಲ ಕಣೇ, ಇವ್ರನ್ನೆಲ್ಲ ನೀನಾದ್ರೂ ತಡೀಬಾರ್ದಿತ್ತಾ?”

“ತಡೆಯೋದಾ? ಕಳಿಸಿದ್ದೇ ನಾನು ಕಣ್ರೀ.”

“ನೀನಾ!”

“ವ್ರತದಲ್ಲಿರೋರಿಗೆ ಊಟ ಬಡಿಸಿದ್ರೆ ಅರ್ಧ ಪುಣ್ಯ ಬಡಿಸಿದೋರಿಗೆ ಅಂದೆ. ಕಾಫಿ ಆರೋದ್ರೊಳಗೆ ವಠಾರ ಖಾಲಿ! ಮದ್ವೆಯಾಗಿ ಬಂದಾಗಿಂದ ಸರದಿ ನಿಲ್ಲದೆ ನೀರು ಹಿಡ್ದಿದ್ದು ಇವತ್ತೇ. ಬಾಗಿಲು ತೆಗೆದಿಟ್ಟು ಹಾಡ್ಕೊಂಡೆ, ಅಂಗಳದಲ್ಲೇ ಮಲಗಿದ್ದೆ. ‘ಇವತ್ತೇನಮ್ಮ ಸಾರು’ ಅಂತ ಒಂದು ನರಪಿಳ್ಳೆ ಕೇಳ್ಲಿಲ್ಲ.”

ಏಕಾಂತಯ್ಯನವರಿಗೆ ಹೊಟ್ಟೆ ಉರಿಯಿತು. ಹೊಳೆ, ತೆಪ್ಪ, ಕೊಳವೆ ಯಾವುದೂ ಇಲ್ಲದೆ ಇವಳಿಗೆ ಸಿಕ್ಕಿಬಿಟ್ಟಿತಲ್ಲ! ಆದರೆ ಅವಳ ಸಂತೋಷ ನೋಡಿ ನಗುವೂ ಬಂತು. ಪಕ್ಕದಲ್ಲಿ ಕೂತು ಪಿಸುಗುಟ್ಟಿದರು: “ಹಂಗಾದ್ರೆ ಮುಂದಿನ ಭಾನುವಾರಾನೂ ಅವ್ರನ್ನ ಕಳ್ಸು. ನಾನೂ ಇಲ್ಲೇ ಇರ್ತೀನಿ.”

“ಅದು ಹೆಂಗಾಗುತ್ತೆ?” ಪ್ರೇಮಲೀಲಾ ಅವರಿಗೂ ಒಂದು ಲೋಟ ಕಾಫಿ ಬಗ್ಗಿಸಿದಳು. “ಇದು ಒಂಬತ್ತು ವಾರದ ವ್ರತ ಅಂತ ಹೇಳ್ಬುಟ್ಟಿದ್ದೀನಿ. ನೀವು ಹೋಗದೆ ಅವ್ರು ಹೋಗ್ತಾರಾ?”

ಅಷ್ಟರಲ್ಲಿ ನಲ್ಲಿಯ ಕಡೆಯಿಂದ ಸಿದ್ದಲಿಂಗಸ್ವಾಮಿಯವರ ದನಿ ಬಂತು: “ಏಕಾಂತಯ್ನೋರೇ, ಮುಂದಿನ ವಾರಕ್ಕೆ ಪುಳಿಯೋಗರೆ ಮಾಡುಸ್ಲಾ?”