ಏಳನೇ ಭರಣಿಯ ರಿಪೋರ್ಟು

ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ಕಂಪ್ಯೂಟರ್ ಇಟ್ಟುಕೊಂಡವರು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಚಪ್ಪಲಿ ಹೊರಗೆ ಕಳಚಿಟ್ಟು ಸೀದಾ ಒಳಗೆ ಬರುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ ಬೋಳಾರದ ನನ್ನ ಉಪ್ಪಿನಕಾಯಿ ಕಾರ್ಖಾನೆಗೆ ಅದು ಹಾಗೆ ಬಂದುಹೋದ ನಾಲ್ಕು ಸಲದ ಕಥೆ ಇದು.

೧. ಗೋಡೆಯೋ ಪೆಟ್ಟಿಗೆಯೋ

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಓದುವುದನ್ನು ಮಾತ್ರ ಬಿಡಲಿಲ್ಲ. ಒಂದು ಭರಣಿಯಿಂದ ಶುರು ಮಾಡಿದ ವ್ಯಾಪಾರ ನಲವತ್ತು ಅಂಗಡಿಗೆ ಮುಟ್ಟಿತ್ತು. ಯಾವ ಅಂಗಡಿಗೆ ಯಾವ ತಿಂಗಳು ಎಷ್ಟು ಬಾಟ್ಲಿ ಎಂದು ಗೋಡೆಗೆ ಅಂಟಿಸಿದ ದೊಡ್ಡ ಹಾಳೆಯಲ್ಲಿ ಗೆರೆ ಎಳೆದು ನಾನೇ ಬರೆಯುತ್ತಿದ್ದೆ.

ಆಗ ನಮ್ಮೂರಿನವರೇ, ಬೊಂಬಾಯಿಯಲ್ಲಿ ನೆಲೆಸಿ ಗಲ್ಫಿಗೆ ಮಾಲು ಕಳಿಸುವ ಒಬ್ಬ ವ್ಯಾಪಾರಿ ಪತ್ರ ಬರೆದರು: "ಸ್ಯಾಂಪಲ್ ಕಳಿಸಿ. ಆರು ತಿಂಗಳು ಬಿಟ್ಟು ಬರುತ್ತೇನೆ. ಮಾಲಿನ ಲೆಕ್ಕದ ಕಂಪ್ಯೂಟರ್ ರಿಪೋರ್ಟು ಸರಿ ಇದ್ದರೆ ಆರ್ಡರ್ ನಿಮಗೆ." ಆ ಆರ್ಡರಿನ ಆಸೆಗೇ ನಾನು ಕಂಪ್ಯೂಟರ್ ತರಿಸಿದ್ದು.

ಕಲಿಸಲು ಬಂದ ಮಾಷ್ಟ್ರು ಎರಡು ದಾರಿ ಹೇಳಿದರು. ಒಂದು ಸ್ಪ್ರೆಡ್‌ಶೀಟ್, ಅಂದರೆ ನನ್ನ ಗೋಡೆಯ ಹಾಳೆಯೇ ಪರದೆಯ ಮೇಲೆ. ಇನ್ನೊಂದು ಡೇಟಾಬೇಸ್. ಪ್ರತಿ ಭರಣಿಗೆ, ಪ್ರತಿ ಅಂಗಡಿಗೆ ಒಂದೊಂದು ಕಾರ್ಡು ಬರೆದು ಪೆಟ್ಟಿಗೆಯಲ್ಲಿ ಇಟ್ಟ ಹಾಗೆ. ಕೇಳಿದ ಕಾರ್ಡನ್ನು ಅದೇ ಹುಡುಕಿ ಕೊಡುತ್ತದೆ.

"ನಿಮಗೆ ಡೇಟಾಬೇಸೇ ಸರಿ ಅಮ್ಮ," ಎಂದರು. ಅವರು ಹಾಗೆ ಹೇಳಿದ್ದರಿಂದಲೇ ನಾನು ಸ್ಪ್ರೆಡ್‌ಶೀಟ್ ಆರಿಸಿದೆ.

"ಆಯಿತು. ಇದರಲ್ಲಿ ಎಂಟು ಸಾವಿರ ಸಾಲು ಉಂಟು."

"ನನ್ನದು ನಲವತ್ತು ಅಂಗಡಿ ಮಾರಾಯ್ರೆ. ಉಳಿದದ್ದು ಎಂತಕ್ಕೆ?"

"ವ್ಯಾಪಾರ ಬೆಳೆದರೆ?"

"ಅಷ್ಟು ಬೆಳೆಯಬೇಕಾದರೆ ಸಮುದ್ರದ ಮೀನುಗಳೂ ಉಪ್ಪಿನಕಾಯಿ ತಿನ್ನಲಿಕ್ಕೆ ಶುರು ಮಾಡಬೇಕು."

೨. ಕಾವೂರಿನ ಫೋನು

ಮಾಷ್ಟ್ರು ಇಲ್ಲದ ಒಂದು ದಿನ, ಅಂಗಡಿಗಳ ಹೆಸರು ಚಂದ ಕಾಣಲಿ ಎಂದು ಎಬಿಸಿಡಿ ಕ್ರಮದಲ್ಲಿ ಜೋಡಿಸಿದೆ. ಹೆಸರುಗಳು ಮಾತ್ರ ಜಾಗ ಬದಲಿಸಿದವು. ಪಕ್ಕದ ಅಂಕಿಗಳು ಇದ್ದಲ್ಲೇ ಕೂತವು. ಅದು ನನಗೆ ಗೊತ್ತಾಗಲಿಲ್ಲ. ಆ ರಿಪೋರ್ಟು ನೋಡಿಯೇ ಮಾಲು ಕಳಿಸಿದೆ. ಕಾಟಿಪಳ್ಳದ ದೊಡ್ಡ ಅಂಗಡಿಗೆ ಆರು ಬಾಟ್ಲಿ ಹೋಯಿತು, ಕಾವೂರಿನ ಗೂಡಂಗಡಿಗೆ ಆರು ಡಜನ್.

ಕಾವೂರಿನವನ ಫೋನ್ ಬಂತು. "ಅಕ್ಕಾ, ಕಾವೂರಿನವರಿಗೆಲ್ಲ ಒಟ್ಟಿಗೇ ಜ್ವರ ಬಂದು ಬಾಯಿರುಚಿ ಹೋಗಿದೆ ಅಂತ ಯಾರು ಹೇಳಿದ್ದು ನಿಮಗೆ?"

"ಕಂಪ್ಯೂಟರ್ ರಿಪೋರ್ಟು ತಪ್ಪುವುದಿಲ್ಲ. ನೀವು ಮಾರುವುದನ್ನು ಕಲಿಯಿರಿ," ಎಂದು ಫೋನ್ ಇಟ್ಟೆ. ಆಮೇಲೆ ಹಾಳೆ ನೋಡಿದೆ. ಮೈಯೆಲ್ಲ ಉರಿಯಿತು. ಸಿಟ್ಟು ಯಾರ ಮೇಲೆ ತೀರಿಸುವುದು ಎಂದು ತಿಳಿಯದೆ ಭರಣಿ ಕೋಣೆಗೆ ಹೋಗಿ, ಕೆಲಸದವರನ್ನು ಆಚೆ ಸರಿಸಿ, ಮಾವಿನ ಮಿಡಿಗೆ ನಾನೇ ಮಸಾಲೆ ಕಲಸಿದೆ.

ಹದಿನೈದು ದಿನ ಬಿಟ್ಟು ಕಾವೂರಿನವನೇ ಮತ್ತೆ ಫೋನ್ ಮಾಡಿದ. "ಎಲ್ಲ ಖರ್ಚಾಯಿತು ಅಕ್ಕಾ. ಇನ್ನು ಯಾವಾಗ ತಪ್ಪುತ್ತೀರಿ?"

೩. ಮೂರು ಪತ್ರ

ನಾನು ಸೋತೆ ಎಂದು ಹೇಳಲಿಲ್ಲ. "ನಿಮಗೆ ಬೇಜಾರಾಗಬಾರದು, ಡೇಟಾಬೇಸನ್ನೂ ಒಮ್ಮೆ ನೋಡುವ," ಎಂದೆ. ಮಾಷ್ಟ್ರು ಮುಖ ತಿರುಗಿಸಿ ನಕ್ಕರು.

ಯಜಮಾನರ ಹೆಸರು ಬರೆಯಿರಿ ಎಂದು ಎಲ್ಲ ಅಂಗಡಿಗೂ ಫಾರ್ಮ್ ಹಂಚಿದೆವು. ಬೋಳಾರದ ಒಂದು ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡುವವನು ಅಳಿಯ. ಅಂಗಡಿ ಶುರು ಮಾಡಿದ್ದು ಅವನ ಅಮ್ಮನ ಅಣ್ಣ. ಜಾಗ ಅವನ ಅಮ್ಮನ ಪಾಲಿನದ್ದು. ಮೂವರೂ ಒಂದೊಂದು ಫಾರ್ಮ್ ತುಂಬಿಸಿ ಕಳಿಸಿದರು. ನಮ್ಮ ಕಡೆ ಇದು ಸುಳ್ಳಲ್ಲ, ಕುಟುಂಬದ ಕ್ರಮ; ಆಸ್ತಿ ಅಮ್ಮನ ಕಡೆಯಿಂದ ಸೋದರಳಿಯನಿಗೆ ಬರುವುದು, ಹಾಗಾಗಿ ಮೂವರೂ ಯಜಮಾನರೇ. ಕಂಪ್ಯೂಟರಿಗೆ ಅದೆಲ್ಲ ಎಲ್ಲಿ ಗೊತ್ತು? ಅದು ಮೂರು ಅಂಗಡಿ ಎಂದು ಎಣಿಸಿತು. ಮಾರಾಟದ ಲೆಕ್ಕ ನೋಡಿ ಅದೇ ಅಚ್ಚು ಹಾಕಿದ ಪತ್ರಗಳಲ್ಲಿ ಅಳಿಯನಿಗೆ ಮೆಚ್ಚುಗೆ ಹೋಯಿತು. ಉಳಿದ ಇಬ್ಬರಿಗೆ, "ನೀವು ಒಂದು ಬಾಟ್ಲಿಯನ್ನೂ ಮಾರಿಲ್ಲ, ಸೋಮಾರಿತನ ಬಿಡಿ" ಎಂಬ ಪತ್ರ.

ಮರುದಿನ ಅಳಿಯನೇ ಬಂದ. "ಅಕ್ಕಾ, ಇನ್ನು ಹೊಗಳುವುದಿದ್ದರೆ ಮೂವರನ್ನೂ ಹೊಗಳಿ, ಬೈಯುವುದಿದ್ದರೆ ಮೂವರನ್ನೂ ಬೈಯಿರಿ. ನಿನ್ನೆ ಮನೆಯಲ್ಲಿ ನನಗೆ ಊಟ ಇಲ್ಲ."

೪. ವಿಶೇಷ

ಹೊಸ ಮಾಲು ಪಕ್ವವಾದ ಕೂಡಲೇ ಬೊಂಬಾಯಿಗೆ ಸ್ಯಾಂಪಲ್ ಕಳಿಸಿದ್ದೆ. ಅಷ್ಟರಲ್ಲಿ ಏಳನೇ ಭರಣಿಯ ಮಾಲು ಅಂಗಡಿಗಳಿಂದ ವಾಪಸ್ ಬರತೊಡಗಿತು. ಬಾಯಿಗೆ ಇಡಲಾಗದಷ್ಟು ಖಾರ. ಭರಣಿ ನೋಡಿಕೊಳ್ಳುವ ಹೆಂಗಸಿಗೆ ಒಂದು ವಾರ ಬೈದೆ. ಅವಳು ಸೀದಾ ಮಾಷ್ಟ್ರ ಹತ್ತಿರ ಹೋಗಿ ಏನೋ ಬರೆಸಿದಳು, ಅಷ್ಟೆ.

ಬೊಂಬಾಯಿಯವರು ಬಂದರು. ಆರು ತಿಂಗಳು ಕಾದ ದಿನ. ನಾನು ಸ್ಪ್ರೆಡ್‌ಶೀಟಿನ ರಿಪೋರ್ಟನ್ನೇ ಮುಂದಿಟ್ಟೆ. ಮೊತ್ತಗಳೆಲ್ಲ ಚೊಕ್ಕವಾಗಿದ್ದವು.

"ಇದು ಸರಿ. ನನಗೆ ಕಳಿಸಿದ ಸ್ಯಾಂಪಲ್ ಯಾವ ಭರಣಿಯದ್ದು?"

ಹಾಳೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಮಾಷ್ಟ್ರು ಡೇಟಾಬೇಸ್ ತೆರೆದು ನೋಡಿದರು. "ಏಳನೇದ್ದು."

ಆರ್ಡರ್ ಹೋಯಿತು ಎಂದುಕೊಂಡೆ.

"ನನಗೆ ಅದೇ ಬೇಕು," ಎಂದರು ಬೊಂಬಾಯಿಯವರು. "ಗಲ್ಫಿನಲ್ಲಿರುವ ನಮ್ಮವರು ಅಂಥ ಖಾರಕ್ಕೇ ಕಾಯುವುದು. ಅದಕ್ಕೆ ಎಂತ ಹಾಕಿದ್ದೀರಿ?"

"ಅದು ನಮ್ಮ ಮನೆತನದ ಗುಟ್ಟು," ಎಂದೆ ಗಂಭೀರವಾಗಿ. ನನಗೇ ಗೊತ್ತಿರಲಿಲ್ಲ.

"ಇಲ್ಲಿ ಉಂಟಲ್ಲ," ಎಂದು ಮಾಷ್ಟ್ರು ಕಾರ್ಡಿನ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿಬಿಟ್ಟರು. "ವಿಶೇಷ: ಕಾವೂರಿನ ಫೋನ್ ಬಂದ ದಿನ. ಅಮ್ಮ ಸಿಟ್ಟಿನಲ್ಲಿ ಮೆಣಸಿನ ಹುಡಿ ಎರಡು ಸಲ ಹಾಕಿದ್ದಾರೆ. ಹೇಳುವ ಧೈರ್ಯ ಯಾರಿಗೂ ಇಲ್ಲ."

ಬೊಂಬಾಯಿಯವರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆರ್ಡರ್ ಅಲ್ಲೇ ಬರೆದುಕೊಟ್ಟರು: ತಿಂಗಳಿಗೆ ನಾಲ್ಕು ಭರಣಿ, ಅದೇ ಖಾರ.

ಡೇಟಾಬೇಸ್ ಗೆದ್ದಿತು ಎಂದು ನಾನು ಇವತ್ತಿನವರೆಗೂ ಬಾಯಿಬಿಟ್ಟು ಹೇಳಿಲ್ಲ. ಆದರೆ ಗಲ್ಫಿನ ಭರಣಿ ಹಾಕುವ ದಿನ ಬಂದರೆ ಸಾಕು, ಆ ಹೆಂಗಸು ನನ್ನ ಬಾಗಿಲಲ್ಲಿ ನಿಂತು ತಣ್ಣಗೆ ಕೇಳುತ್ತಿದ್ದಳು:

"ಅಮ್ಮಾ, ಮಿಡಿ ತೊಳೆದು ಆಗಿದೆ. ಕಾವೂರಿಗೆ ಫೋನ್ ಮಾಡಿ ಕೊಡಲಾ?"