ಜಿಲೇಬಿಯ ಉಸಿರಿನ ಲೆಕ್ಕ

ಗಣಿತದ ಮಾಸ್ತರನಿಗೆ ತಪ್ಪಾಯಿತು ಎಂದು ಒಪ್ಪಿಕೊಳ್ಳುವಷ್ಟು ಕಷ್ಟ ಇನ್ನೊಂದಿಲ್ಲ. ಕನ್ನಡದ ಮಾಸ್ತರರು ‘ಅದು ನನ್ನ ಅಭಿಪ್ರಾಯ’ ಎಂದು ಜಾರಿಕೊಳ್ಳಬಹುದು; ವಿಜ್ಞಾನದವರು ಪ್ರಯೋಗ ಕೆಟ್ಟರೆ ಕರೆಂಟಿನ ಮೇಲೆ ಹಾಕಬಹುದು. ನಮಗೆ ಆ ಸವಲತ್ತಿಲ್ಲ. ದೋರನಹಳ್ಳಿಯ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಲೆಕ್ಕ ಕಲಿಸಿದ ನಾನು ಈಚೆಗೆ ಒಂದು ಬೆಕ್ಕಿನ ವಿಷಯದಲ್ಲಿ ಫೇಲಾದೆ. ಯಾರಿಗೂ ಹೇಳುವುದಿಲ್ಲವೆಂದರೆ ನಿಮಗೆ ಹೇಳುತ್ತೇನೆ.

ಬೆಕ್ಕಿನ ಹೆಸರು ಜಿಲೇಬಿ. ಕೇಸರಿ ಬಣ್ಣ, ಸುರುಳಿ ಸುತ್ತಿಕೊಂಡು ಮಲಗುವ ಚಾಳಿ, ಹೀಗಾಗಿ ಆ ಹೆಸರು. ಅದನ್ನು ಮನೆಗೆ ತಂದವಳು ನನ್ನ ಹೆಂಡತಿ ಶಾಂತಾ, ಬೇಡವೆಂದವನು ನಾನು, ಅದು ಮಲಗುವುದು ಮಾತ್ರ ನನ್ನ ತಲೆದಿಂಬಿನ ಮೇಲೆ. ಹಗಲೆಲ್ಲ ಪಕ್ಕದ ಮನೆಯ ಮೆಹಬೂಬ್ ಬೀ ಅವರ ಕಟ್ಟೆಯಲ್ಲಿ, ಅವರು ಹೊಲಿಯುತ್ತಿರುವ ಕೌದಿಯ ಮೇಲೆ ಬಿದ್ದಿರುತ್ತದೆ. ನಮ್ಮ ಶಹಾಪುರದ ಗುಡ್ಡವೇ ಬುದ್ಧ ಮಲಗಿದಂತೆ ಕಾಣುತ್ತದೆ. ಅಂಥ ಸೀಮೆಯ ಬೆಕ್ಕು ಮಲಗದೆ ಇನ್ನೇನು ಮಾಡೀತು ಎಂದು ನಾನು ಸುಮ್ಮನಿದ್ದೆ. ಆದರೆ ಒಂದು ದಿನ ಅದು ಬಾಯಿ ತೆರೆದುಕೊಂಡು, ಬಿಸಿಲಲ್ಲಿ ಓಡಿಬಂದ ನಾಯಿಯ ಹಾಗೆ ಏದತೊಡಗಿತು. ಶಾಂತಾ ಅಳತೊಡಗಿದಳು.

ತಕ್ಷಣ ಯಾದಗಿರಿಗೆ ಒಯ್ದೆವು. ಅಲ್ಲಿಯ ಪಶುವೈದ್ಯೆ ಸುಮಂಗಲಾ ದೋರನಹಳ್ಳಿಯಲ್ಲಿ ನನ್ನ ಕೈಯಲ್ಲೇ ಕಲಿತವಳು. ಸೂಜಿ ಚುಚ್ಚಿ, ಸ್ಕ್ಯಾನ್ ಮಾಡಿ, “ಸರ್, ಇದರ ಹೃದಯದ ಗ್ವಾಡಿ ದಪ್ಪ ಆಗ್ಯಾದ. ಪುಪ್ಪಸದಾಗ ನೀರು ತುಂಬ್ಯಾದ” ಅಂದಳು. ಬೆಕ್ಕಿಗೆ ಹೃದಯವಿದೆ ಎಂಬುದೇ ನನಗೆ ಹೊಸ ಸಂಗತಿ. ನಾಲ್ಕು ವರ್ಷ ನಮ್ಮ ಹಾಲು ಕುಡಿದು, ಒಮ್ಮೆಯೂ ನನ್ನ ಕರೆಗೆ ತಿರುಗಿ ನೋಡದ ಪ್ರಾಣಿ ಅದು.

“ಎಷ್ಟು ದಿನ ಇರ್ತದವ್ವಾ?” ಎಂದು ಶಾಂತಾ ಕೇಳಿದಳು.

“ಹೇಳಾಕ ಬರಂಗಿಲ್ಲರಿ ಅಮ್ಮಾರ. ಪೂರಾ ವಾಸಿ ಆಗೂ ಬ್ಯಾನಿ ಅಲ್ಲ. ಕೆಲವು ಸ್ವಲ್ಪ ದಿನದಾಗ ಹೋಗಿಬಿಡ್ತಾವ, ಕೆಲವು ಗುಳಿಗಿ ತಗೊಂಡು ವರ್ಷಗಟ್ಟಲೆ ಆರಾಮ ಇರ್ತಾವ. ದಿನಾ ಅದು ಮಲಗಿದಾಗ ನಿಮಿಷಕ್ಕ ಎಷ್ಟು ಉಸಿರಾಡ್ತದ ಎಣಿಸ್ರಿ. ಮೂವತ್ತು ದಾಟಿತಂದ್ರ ಮತ್ತ ನೀರು ತುಂಬಕತ್ತದ ಅಂತ ತಿಳ್ಕೊಂಡು ಲಗೂ ಕರ್ಕೊಂಡು ಬರ್ರಿ.” ಆಮೇಲೆ ನನ್ನ ಕಡೆ ತಿರುಗಿ, “ಎಣಿಸೂದು ಸರ್‌ಗ ನಾ ಹೇಳಿಕೊಡಬೇಕೇನ್ರಿ?” ಎಂದು ನಕ್ಕಳು. ನಾನೂ ನಕ್ಕೆ.

ಕಾಲು ಗುಳಿಗೆಯನ್ನು ಕೆನೆಯಲ್ಲಿ ಅಡಗಿಸಿ ಕೊಟ್ಟರೆ ಜಿಲೇಬಿ ಕೆನೆ ನೆಕ್ಕಿ, ಗುಳಿಗೆ ಉಗುಳಿ, ಎರಡು ದಿನ ನಮ್ಮನ್ನು ಕುಣಿಸಿತು. ಮೂರನೆಯ ದಿನ ಶಾಂತಾಳ ಹಟ ಗೆದ್ದಿತು. ನಾನು ಶಾಲೆಗೆ ಹೋದಾಗ ಉಸಿರು ಎಣಿಸುವ ಕೆಲಸ ಬೀ ಅವರದು. ಅವರು ತಮ್ಮ ಜಪಮಾಲೆ ತಸಬಿ ಹಿಡಿದು ಒಂದೊಂದೇ ಮಣಿ ಜರುಗಿಸುತ್ತಿದ್ದರು. ಶಾಂತಾ ಗಡಿಯಾರ ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು. ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತೆರಡು. ಭಾನುವಾರ ನಾನೇ ಕನ್ನಡಕ ಏರಿಸಿ ಕುಳಿತೆ. ಹೊಟ್ಟೆಯ ಒಂದು ಚಲನೆಯನ್ನೂ ಬಿಡದೆ ಎಣಿಸಿದೆ. ನಲವತ್ನಾಲ್ಕು! ಇನ್ನೊಮ್ಮೆ ಎಣಿಸಿದೆ. ಅದೇ ನಲವತ್ನಾಲ್ಕು.

“ಇಪ್ಪತ್ತೆರಡೇ ಅದರಿ ಮಾಸ್ತರ್,” ಎಂದರು ಬೀ. “ಈಗಿನ್ನ ಎಣಿಸೀನಿ. ಒಂದು ದಮ್ಮಿಗಿ ಒಂದು ಮಣಿ.”

“ಬೀ, ಲೆಕ್ಕದ ವಿಷಯ ನನಗ ಬಿಡ್ರಿ!” ಎಂದು ಗದರಿದೆ. ವಯಸ್ಸಾದ ಹೆಂಗಸಿಗೆ ಹಾಗೆ ಅನ್ನಬಾರದಿತ್ತು.

“ಬಿಟ್ಟೆ ನೋಡ್ರಿ. ಅಲ್ಲಾ ಕಾಯಲಿ” ಎಂದು ಬೀ ಸೂಜಿಗೆ ದಾರ ಪೋಣಿಸಿದರು.

ಸುಮಂಗಲಾಳಿಗೆ ಫೋನು ಮಾಡಿ ರಜೆಯ ದಿನ ದವಾಖಾನೆ ತೆಗೆಸಿದೆ. ಜಿಲೇಬಿಯನ್ನು ಬುಟ್ಟಿಯಲ್ಲಿಟ್ಟು, ಟವೆಲು ಮುಚ್ಚಿ, ಶಾಂತಾಳೊಂದಿಗೆ ಬಸ್ಸು ಹತ್ತಿದೆ. ಪಕ್ಕದ ಸೀಟಿನ ಹೆಂಗಸು, “ಏನ್ರಿ ಅದು, ಕೋಳಿ ಏನು?” ಎಂದಳು. ಬೆಕ್ಕು, ಹೃದಯದ ತ್ರಾಸು ಎಂದೆ. “ಎಪ್ಪಾ! ಅದಕ್ಕೇನು ಚಿಂತಿ ಇತ್ತೋ!” ಎಂದವಳೇ ಗಾಳಿ ಬರಲೆಂದು ಕಿಟಕಿಯ ಸೀಟು ಬಿಟ್ಟುಕೊಟ್ಟಳು. ಭೀಮಾ ಸೇತುವೆ ದಾಟುವಾಗ ಟವೆಲಿನೊಳಗೆ ಕೈ ಹಾಕಿದೆ. ಜಿಲೇಬಿ ನನ್ನ ಬೆರಳು ನೆಕ್ಕಿತು. ಸುಳ್ಳೇಕೆ ಹೇಳಲಿ, ಕಣ್ಣಲ್ಲಿ ನೀರು ಬಂತು. ಬೇಡವೆಂದವನು ನಾನೇ.

ಬುಟ್ಟಿ ಹೊತ್ತು ದವಾಖಾನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ನಾನು ಏದುತ್ತಿದ್ದೆ. ಸುಮಂಗಲಾ ಜಿಲೇಬಿಯ ಎದೆಗೆ ಕೊಳವೆ ಹಚ್ಚಿ ಬಹಳ ಹೊತ್ತು ಕೇಳಿದಳು. ಆಮೇಲೆ, “ಹೆಂಗ ಎಣಿಸಿದ್ರಿ ಸರ್?” ಅಂದಳು.

“ಹೊಟ್ಟಿ ಏರಿದಾಗ ಒಂದು, ಇಳಿದಾಗ ಎರಡು.”

“ಸರ್... ಏರಿ ಇಳಿದ್ರ ಒಂದ್ರಿ.”

ಶಾಂತಾ ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿನ ಎಮ್ಮೆಯ ಚಿತ್ರ ನೋಡಿದೆ.

“ಬೆಕ್ಕು ಆರಾಮ ಅದರಿ. ನಿಮ್ಮ ಉಸಿರೇ ಜಾಸ್ತಿ ಆಗ್ಯಾದ. ಕುಂಡ್ರಿ ಸರ್, ನೀರು ಕುಡೀರಿ.” ಎಂಟನೆಯ ತರಗತಿಯಲ್ಲಿ ಭಾಗಾಕಾರ ತಪ್ಪಿದ್ದಕ್ಕೆ ಇದೇ ಹುಡುಗಿಯನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಪುಣ್ಯಾತ್ಗಿತ್ತಿ, ನನ್ನನ್ನು ಕೂರಿಸಿದಳು.

ಊರಿಗೆ ಬಂದು ಬೀ ಅವರ ಮುಂದೆ ತಲೆ ತಗ್ಗಿಸಿ ನಿಂತೆ. ಅವರು ನಗಲಿಲ್ಲ. “ಇರಲಿ ಬಿಡ್ರಿ ಮಾಸ್ತರ್. ಹೆಚ್ಚಿಗಿ ಎಣಿಸಿದ್ರಿ, ಬಸ್ಸಿನ ತ್ರಾಸಷ್ಟೇ ಆತು. ಕಡಿಮಿ ಎಣಿಸಿದ್ರ ಜೀವ ಹೋಗತಿತ್ತು” ಎಂದರು. ಅಂದಿನಿಂದ ಎಣಿಸುವುದು ಬೀ, ಬರೆಯುವುದು ಶಾಂತಾ. ಗಡಿಯಾರ ನೋಡಿ ‘ಶುರು’, ‘ಸಾಕು’ ಎನ್ನುವ ಹುದ್ದೆ ನನಗೆ ಉಳಿದಿದೆ.

ಮೊನ್ನೆ ಭಾನುವಾರ ಊಟವಾದ ಮೇಲೆ ಬೀ ಅವರ ಕಟ್ಟೆಯಲ್ಲಿ ಜಿಲೇಬಿಯ ಪಕ್ಕವೇ ಅಡ್ಡಾಗಿದ್ದೆ. ಅರೆನಿದ್ದೆಯಲ್ಲಿ ಶಾಂತಾಳ ಪಿಸುಮಾತು ಕೇಳಿಸಿತು: “ಬೀ, ಹಂಗ ಇವರದೂ ಒಂದೀಟು ಎಣಿಸ್ರಿ. ಅವತ್ತು ನಾಕು ಮೆಟ್ಟಲಕ್ಕ ಏದಕತ್ತಿದ್ರು. ದವಾಖಾನಿಗಿ ನಡೀರಿ ಅಂದ್ರ ನಾಳಿ ನಾಡದು ಅಂತಾರ.” ಒಂದು ಕಣ್ಣು ಸ್ವಲ್ಪವೇ ತೆರೆದೆ. ತಸಬಿ ನನ್ನ ಹೊಟ್ಟೆಯ ನೇರಕ್ಕೆ ಬಂದು ನಿಂತಿತ್ತು. ಕೂಡಲೇ ಕಣ್ಣು ಮುಚ್ಚಿ ಉಸಿರನ್ನು ಉದ್ದಕ್ಕೆ, ನಿಧಾನಕ್ಕೆ ಎಳೆಯತೊಡಗಿದೆ.

“ಹನ್ನೆರಡೇ ಅದ. ಆರಾಮ ಅದಾರ ಬಿಡ್ರಿ” ಎಂದರು ಬೀ.

ಇಪ್ಪತ್ತೆಂಟು ವರ್ಷ ಕಾಪಿ ಹೊಡೆಯುವ ಹುಡುಗರನ್ನು ಹಿಡಿದವನು ಹೀಗೆ ಕಾಪಿ ಹೊಡೆದು ಪಾಸಾದೆ. ಪಕ್ಕದಲ್ಲಿ ಜಿಲೇಬಿ, ಕಳ್ಳಾಟವಿಲ್ಲದೆ ಇಪ್ಪತ್ತೆರಡು ತೆಗೆದು, ಗೊರಕೆ ಹೊಡೆಯುತ್ತ ಮಲಗಿತ್ತು.