ಬಾಗಿಲಿಗೆ ಅಡ್ಡ ಮಲಗುವ ಅಳಿಯ

ರಾಜನ ಹೆಸರಿಟ್ಟುಕೊಂಡು ಬೂಟಿಗೆ ಅಟ್ಟೆ ಹಾಕುವುದು ಸುಲಭವಲ್ಲ. ವರಾಜ್ದಾತ್ ಎಂಬ ಹೆಸರು ಅರ್ಮೇನಿಯಾದಲ್ಲಿ ಒಂದಾನೊಂದು ಕಾಲಕ್ಕೆ ಸಿಂಹಾಸನದ ಮೇಲೆ ಕೂತಿತ್ತು; ಈಗ ಗ್ರೀಸಿನ ಥೆಸಲೊನೀಕಿಯ ಮಾರುಕಟ್ಟೆ ಹಿಂದಿನ ಗಲ್ಲಿಯಲ್ಲಿ ಒಂದು ಮೋಟು ಸ್ಟೂಲಿನ ಮೇಲೆ ಕೂತಿದೆ. ಸ್ಟೂಲಿನ ಮೇಲೆ ಕೂತವನು ಸಿಂಹಾಸನದ ಮೇಲೆ ಕೂತವನಂತೆ ಮಾತಾಡಬಾರದು ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲವಷ್ಟೆ. ಭಾನುವಾರದ ಪೂಜೆ ಮುಗಿದ ಮೇಲೆ ಅರ್ಮೇನಿಯನ್ ಚರ್ಚಿನ ಅಂಗಳದಲ್ಲಿ ವರಾಜ್ದಾತ್ ಮಾಡುತ್ತಿದ್ದ ಭಾಷಣಕ್ಕೆ ಪಾದ್ರಿಗಳ ಉಪದೇಶಕ್ಕಿಂತ ಹೆಚ್ಚು ಜನ ಸೇರುತ್ತಿದ್ದರು. (ಕಾಫಿ ಕೊಡುತ್ತಿದ್ದದ್ದು ಅಂಗಳದಲ್ಲಿ ಎಂಬುದೂ ಒಂದು ಕಾರಣವಿರಬಹುದು.)

ಆ ಅಂಗಳದಲ್ಲೇ ಅವನು ಘೋಷಿಸಿದ್ದು: "ಮಗಳ ಮದುವೆಗೆ ನಮ್ಮತ್ತೆ ಬರ್ತಾರೆ. ಆಹ್ವಾನ ಪತ್ರ ನಾನೇ ಬರೆದಿದೀನಿ. ಅದನ್ನ ಓದಿದ ವೀಸಾ ಅಧಿಕಾರಿ ಎದ್ದು ನಿಂತು ಮುದ್ರೆ ಒತ್ತಬೇಕು, ಕೂತು ಒತ್ತೋ ಹಾಗೇ ಇಲ್ಲ!"

ಅಧಿಕಾರಿ ಕೂತೇ ಒತ್ತಿದ. ಒತ್ತಿದ್ದು 'ನಿರಾಕರಿಸಲಾಗಿದೆ' ಎಂಬ ಮುದ್ರೆ.

ಮದುವೆಗೆ ಐದು ವಾರ ಉಳಿದಿತ್ತು. ಮಗಳು ಹಸ್ಮಿಕ್ ಮದುವೆಯ ಉಡುಪನ್ನು ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿ, "ಅಜ್ಜಿ ಬರದೆ ಇದನ್ನ ನಾನು ಮುಟ್ಟಲ್ಲ" ಎಂದಳು. ಹಠವಲ್ಲ ಅದು. ಅಪ್ಪ ಅಮ್ಮ ಗ್ರೀಸಿಗೆ ದುಡಿಯಲು ಬಂದಾಗ ಅವಳು ಕೈಗೂಸು. ಆರು ವರ್ಷ ತುಂಬುವವರೆಗೆ ಅರ್ಮೇನಿಯಾದ ಗ್ಯುಮ್ರಿ ಊರಿನಲ್ಲಿ ಅವಳನ್ನು ಸಾಕಿದ್ದು ಅಜ್ಜಿ ವಾರ್ದುಶ್.

"ನಿಮ್ಮಮ್ಮ ವೀಸಾ ಕಚೇರಿ ಕಿಟಕಿ ಮುಂದೆ ಏನೋ ಬಾಯಿ ಮಾಡಿರಬೇಕು," ಎಂದ ವರಾಜ್ದಾತ್ ಹೆಂಡತಿಗೆ.

"ನಮ್ಮಮ್ಮ ಬಾಯಿನೇ ತೆಗೀಲಿಲ್ಲ ಮಾರಾಯಾ," ಎಂದಳು ಅರ್ಪೆನಿಕ್. "ಹೊಸಾ ಹಲ್ಲಿನ ಸೆಟ್ಟು, ಎಲ್ಲಿ ಬೀಳುತ್ತೋ ಅಂತ ತಲೆ ಅಲ್ಲಾಡಿಸಿ ಬಂದಿದಾರೆ."

"ನೋಡಿದ್ಯಾ! ಗ್ಯುಮ್ರಿ ಹೆಂಗಸು ಮಾತಾಡದೆ ನಿಂತ್ರೆ ಯಾರಿಗೆ ತಾನೆ ಅನುಮಾನ ಬರಲ್ಲ?"

"ಅಪ್ಪಾ," ಎಂದಳು ಹಸ್ಮಿಕ್, "ನಾನು ಅಚ್ಚು ಹಾಕಿಸಿಕೊಟ್ಟ ನಮೂನೇನೇ ತುಂಬಿದ್ದು ತಾನೆ? ಇಂಥ ತಾರೀಖಿಂದ ಇಂಥ ತಾರೀಖಿನವರೆಗೆ ಅಂತ?"

ವರಾಜ್ದಾತ್ ಎದ್ದು ಕಿಟಕಿ ತೆರೆದ. ಸಮುದ್ರದ ಕಡೆ ನೋಡಿದ. ಅವನ ಮನೆಯ ಕಿಟಕಿಯಿಂದ ಸಮುದ್ರ ಕಾಣುವುದಿಲ್ಲ. ಎದುರು ಮನೆಯ ಒಗೆದ ಬಟ್ಟೆ ಕಾಣುತ್ತದೆ. "ಆ ನಮೂನೇಲಿ ಜಾಗ ಸಾಲ್ತಿರಲಿಲ್ಲ" ಎಂದ, ಬಟ್ಟೆಗಳಿಗೆ ಹೇಳುವವನಂತೆ.

ಜಾಗ ಸಾಲದೆ ಅಲ್ಲ. ವರಾಜ್ದಾತನ ವಂಶದಲ್ಲಿ ಮನೆಗೆ ಬಂದ ನೆಂಟರನ್ನು "ಎಷ್ಟು ದಿನ ಇರ್ತೀರಿ?" ಎಂದು ಕೇಳಿದವರಿಲ್ಲ. ಹಾಗೆ ಕೇಳುವುದೂ ಒಂದೇ, ಅವರ ಬೂಟು ಎತ್ತಿ ಬೀದಿಗಿಡುವುದೂ ಒಂದೇ. ಹೊರಟವರನ್ನು ಕನಿಷ್ಠ ಮೂರು ಸಲ ತಡೆಯಬೇಕು. ನಾಲ್ಕನೇ ಸಲ ಕಣ್ಣೀರು ಹಾಕಬೇಕು. ಅಂಥಾದ್ದರಲ್ಲಿ ಹೆಣ್ಣು ಕೊಟ್ಟ ಅತ್ತೆಗೆ, ಬರುವ ಮೊದಲೇ ಹೋಗುವ ತಾರೀಖು ಗೊತ್ತು ಮಾಡಿ, ಕೆಳಗೆ ರುಜು ಹಾಕುವುದೇ? ಅವನು ನಮೂನೆಯನ್ನು ಹರಿದು, ಶುದ್ಧ ಗ್ರೀಕಿನಲ್ಲಿ, ಎರಡು ಪುಟ, ಸ್ವಂತ ಕೈಯಿಂದ ಬರೆದಿದ್ದ.

"ಮೇಲ್ಮನವಿ ಹಾಕೋಣ," ಎಂದ ಈಗ. "ಲಾಯರ್ ಹಿಡಿಯೋಣ. ಅವರು ನನ್ನ ಪತ್ರ ಓದೇ ಇಲ್ಲ. ಓದಿದ್ರೆ ಹೀಗಾಗ್ತಿರಲಿಲ್ಲ."

ವೀಸಾ, ಗಡೀಪಾರು ಎಂದರೆ ಊರಿನ ಹೊರದೇಶದವರೆಲ್ಲ ಓಡುತ್ತಿದ್ದದ್ದು ಲಾಯರಮ್ಮ ಸ್ತಮಾತಿಯಾ ಹತ್ತಿರ. ಎರಡನೇ ಮಹಡಿಯ ಎರಡು ಕೋಣೆ. ಒಳಗೆ ಅವರು, ಹೊರಗೆ ಹತ್ತು ಕುರ್ಚಿ. ಫ್ಯಾನು ಕೆಟ್ಟು, ನಡುವಿನ ಬಾಗಿಲು ಹಾರುಹೊಡೆದಿತ್ತು. ಕುರ್ಚಿಗಳಲ್ಲಿ ಕೂತವರೆಲ್ಲ ಮಡಿಲಲ್ಲಿ ಒಂದೊಂದು ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು, ಅದರಲ್ಲಿ ಮೊಟ್ಟೆಗಳಿವೆ ಎಂಬಂತೆ ಎರಡೂ ಕೈಯಲ್ಲಿ ಹಿಡಿದಿದ್ದರು. ಚೀಲಗಳಲ್ಲಿದ್ದದ್ದು ಕಾಗದ.

ಮುಂದಿನ ಸರದಿ ಮಮೂಕಾ ಎಂಬ ಜಾರ್ಜಿಯಾದವನದು. ಗಾರೆ ಕೆಲಸದವನು, ಹನ್ನೊಂದು ವರ್ಷದಿಂದ ಈ ಊರಿನ ಗೋಡೆಗಳಿಗೆ ಗಿಲಾವು ಹಾಕುತ್ತಿದ್ದವನು. ವರಾಜ್ದಾತನ ಕಣ್ಣು ಮೊದಲು ಹೋದದ್ದು ಅವನ ಬೂಟಿನ ಕಡೆಗೆ (ವೃತ್ತಿ ದೋಷ). ಎರಡೂ ಅಟ್ಟೆ ಬಿಟ್ಟು ಬಾಯಿ ಕಳೆದಿದ್ದವು.

"ಸ್ವಲ್ಪ ಜಾಗ ಬಿಡಪ್ಪ, ನಂದು ಅರ್ಜೆಂಟು. ಮಗಳ ಮದುವೆ," ಎಂದ ವರಾಜ್ದಾತ್.

"ಮದುವೆಯೇ? ಹೋಗಿ ಅಣ್ಣ, ಹೋಗಿ," ಎಂದು ಮಮೂಕಾ ಎದ್ದೇ ನಿಂತ. "ನಂದೇನು, ಊರಿಗೆ ಹೊರಡು ಅಂತ ಬಂದಿರೋ ಕಾಗದ."

"ಧೈರ್ಯವಾಗಿರು. ಅಧಿಕಾರಿಗಳ ಹತ್ರ ಹೇಗೆ ಮಾತಾಡಬೇಕು ಅಂತ ಆಮೇಲೆ ನಿಂಗೆ ಹೇಳಿಕೊಡ್ತೀನಿ," ಎಂದು ಭುಜ ತಟ್ಟಿ, ಹೆಂಡತಿ ಮಗಳ ಸಮೇತ ಒಳನುಗ್ಗಿದ.

ಲಾಯರಮ್ಮ ಕಡತ ತಿರುವಿದರು. ಕನ್ನಡಕ ಹಾಕಿಕೊಂಡರು. ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ವರಾಜ್ದಾತ್ ಅವರೇ, ಈ ಪತ್ರ ನಿಮ್ದೇನಾ?"

"ನಂದೇ. ಸ್ವಲ್ಪ ಜೋರಾಗಿ ಓದಿ, ನಮ್ಮನೆಯವರೂ ಕೇಳಿಲ್ಲ."

ಜೋರಾಗಿಯೇ ಓದಿದರು. ತೆರೆದ ಬಾಗಿಲಾಚೆಯ ಹತ್ತು ಕುರ್ಚಿಗಳೂ ಕಿವಿ ನಿಮಿರಿಸಿದವು.

"ಅರ್ಜಿದಾರರು ಎಷ್ಟು ಕಾಲ ತಂಗುತ್ತಾರೆ: 'ಅರರಾತ್ ಶಿಖರದ ಮೇಲೆ ಹಿಮ ಇರುವ ತನಕ.' ವಾಸದ ಸ್ಥಳ: 'ನನ್ನ ತಲೆಯ ಮೇಲೆ.' ಮರಳಿ ಹೋಗುವ ಏರ್ಪಾಡು..." ಇಲ್ಲಿ ಲಾಯರಮ್ಮ ನೀರು ಕುಡಿದರು. "'ಮಾನ್ಯರೇ, ನಾವು ಅಂಥ ಮನೆತನದವರಲ್ಲ. ಆಕೆ ಹೋಗುತ್ತೇನೆಂದು ಬಾಯಿ ತೆಗೆದರೆ, ನಾನು ಬಾಗಿಲಿಗೆ ಅಡ್ಡ ಮಲಗುತ್ತೇನೆ. ನನ್ನನ್ನು ದಾಟಿಯೇ ಹೋಗಬೇಕು.'"

ಹೊರಗೆ ಯಾರೋ ಕೆಮ್ಮಿದರು. ಕೆಮ್ಮು ಕುರ್ಚಿಯಿಂದ ಕುರ್ಚಿಗೆ ಅಂಟಿ, ನಗುವಾಗಿ, ಮೆಟ್ಟಿಲಿಳಿದು ಹೋಯಿತು.

"ಅಧಿಕಾರಿ ನಿಮ್ಮ ಪತ್ರ ಓದಿಲ್ಲ ಅಂದ್ಕೋಬೇಡಿ," ಎಂದರು ಲಾಯರಮ್ಮ. "ಪೂರ್ತಿ ಓದಿದಾರೆ. ಅಡಿಗೆರೆ ಹಾಕಿದಾರೆ. ವೀಸಾ ಕೊಡೋರು ನೋಡೋದು ಒಂದೇ, ಬಂದವರು ವಾಪಸ್ ಹೋಗ್ತಾರೋ ಇಲ್ವೋ ಅಂತ. ಹೋಗಕ್ಕೆ ಬಿಡಲ್ಲ ಅಂತ ನೀವು ಎರಡು ಪುಟ ಬರೆದುಕೊಟ್ಟಿದೀರಿ."

ಅರ್ಪೆನಿಕ್ ಗಂಡನ ಕಡೆ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಅವನಲ್ಲಿ ಉತ್ತರವಿರುತ್ತಿತ್ತು.

ಅಷ್ಟರಲ್ಲಿ ಲಾಯರಮ್ಮನ ಕಣ್ಣು ಬಾಗಿಲಾಚೆ ಹೋಗಿ, ಅವರು ಕುರ್ಚಿ ಬೀಳುವಂತೆ ಎದ್ದರು. "ಮಮೂಕಾ! ನೀನಿನ್ನೂ ಇಲ್ಲೇ ಇದೀಯಾ? ನಿನ್ನ ಗಡೀಪಾರಿನ ಮೇಲ್ಮನವಿಗೆ ಇವತ್ತೇ ಕಡೇ ದಿನ, ಒಂದು ಗಂಟೆಗೆ ಕಚೇರಿ ಮುಚ್ತಾರೆ! ಸರದಿ ಯಾಕಪ್ಪ ಬಿಟ್ಟೆ?"

"ಇವರ ಮನೇಲಿ ಮದುವೆ ಅಂದ್ರು, ಅಮ್ಮಾ."

ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಲಾಯರಮ್ಮ ಕಡತ ಕಂಕುಳಿಗೆ ಸಿಕ್ಕಿಸಿ ಓಡಿದರು; ಹಿಂದೆ ಮಮೂಕಾ, ಬಾಯಿಬಿಟ್ಟ ಬೂಟುಗಳು ಮೆಟ್ಟಿಲ ಮೇಲೆ ಪಟಪಟ ಹೊಡೆದುಕೊಳ್ಳುತ್ತ. ಆ ಸದ್ದು ನಿಂತ ಮೇಲೂ ವರಾಜ್ದಾತನಿಗೆ ಅದು ಕೇಳಿಸುತ್ತಲೇ ಇತ್ತು.

ಕಚೇರಿ ಮುಚ್ಚುವುದಕ್ಕೆ ನಾಲ್ಕು ನಿಮಿಷ ಮುಂಚೆ ಮನವಿ ಸಲ್ಲಿಕೆಯಾಯಿತು. ಹಿಂದಿರುಗಿದ ಮಮೂಕಾ ಗೋಡೆಗೆ ಒರಗಿ ಉಸಿರು ಬಿಡುತ್ತಿದ್ದಾಗ ವರಾಜ್ದಾತ್ ಅವನ ಕಾಲ ಬಳಿ ಬಗ್ಗಿ, "ಬೂಟು ಬಿಚ್ಚು" ಎಂದ.

"ಯಾಕಣ್ಣ?"

"ಬಿಚ್ಚಪ್ಪ. ವಿಚಾರಣೆಗೆ ಮುಂಚೆ ಸರಿಮಾಡಿ ತಂದುಕೊಡ್ತೀನಿ. ಅಲ್ಲೀವರೆಗೂ ನನ್ನ ಬೂಟು ಹಾಕ್ಕೋ." ಹೀಗೆ ರಾಜನು ಕಾಲುಚೀಲದಲ್ಲೇ ಮತ್ತೆ ಲಾಯರಮ್ಮನ ಮೇಜಿನ ಮುಂದೆ ಕೂತ.

"ನಿಮ್ಮತ್ತೆ ಖಂಡಿತ ವಾಪಸ್ ಹೋಗ್ತಾರೆ ಅನ್ನೋಕೆ ಪುರಾವೆ ಬೇಕು," ಎಂದರು ಅವರು. "ಪಿಂಚಣಿ, ಸ್ವಂತ ಮನೆ, ಎಲ್ಲರೂ ಬರೀತಾರೆ. ಸಾಲಲ್ಲ. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮತ್ತೆಗೆ ನಿಮ್ಮನ್ನ ಕಂಡ್ರೆ ಇಷ್ಟಾನಾ?"

"ಪ್ರಾಣ!" ಎಂದ ವರಾಜ್ದಾತ್.

ಅರ್ಪೆನಿಕ್ ಮೇಜಿನ ಅಂಚು ನೋಡಿದಳು. ಹಸ್ಮಿಕ್ ಚಾವಣಿ ನೋಡಿದಳು. ಲಾಯರಮ್ಮ ಇಬ್ಬರನ್ನೂ ನೋಡಿ ನಿಧಾನವಾಗಿ ಪೆನ್ನಿನ ಮುಚ್ಚಳ ತೆಗೆದರು.

"ಅಮ್ಮ ಪ್ರತಿ ಭಾನುವಾರ ಫೋನಿನಲ್ಲಿ ಮಾತು ಕಳಿಸ್ತಾರೆ," ಎಂದಳು ಅರ್ಪೆನಿಕ್. "ಎಲ್ಲಾ ಇಟ್ಕೊಂಡಿದೀನಿ. ಅಮ್ಮನ ದನಿ ಅಲ್ವಾ, ಅಳಿಸೋಕೆ ಮನಸ್ಸು ಬರಲಿಲ್ಲ."

"ಅದರಲ್ಲಿ ಇವರ ವಿಷಯ ಇದೆಯಾ?"

"ಬೇರೆ ವಿಷಯಾನೂ ಇದೆ," ಎಂದಳು ಅರ್ಪೆನಿಕ್, ನ್ಯಾಯವಾಗಿ.

ಸಂದೇಶಗಳನ್ನು ಗ್ರೀಕಿಗೆ ಅನುವಾದಿಸಿ ಮೊಹರು ಹಾಕಿಸಬೇಕಿತ್ತು. ಊರಿನಲ್ಲಿ ಆ ಮೊಹರು ಇದ್ದದ್ದು ಒಬ್ಬರ ಹತ್ತಿರ: ಚರ್ಚಿನ ಶಾಲೆಯ ಮೇಷ್ಟ್ರು ಪಾರ್ಗೆವ್. ಭಾನುವಾರದ ಅಂಗಳದಲ್ಲಿ ಮೊದಲ ಸಾಲಿನ ಶ್ರೋತೃ. ಸ್ವರ್ಗದ ಬಾಗಿಲಲ್ಲಿ ಕೇಳಿದ ಗುಟ್ಟನ್ನು ನರಕದವರೆಗೂ ತಲುಪಿಸಿ ಬರುವ ಮನುಷ್ಯ. ಅವರ ಮನೆಗೆ ಫೋನು ಹೊತ್ತುಕೊಂಡು ಹೋದವನು ವರಾಜ್ದಾತನೇ. ಬೇರೆ ಯಾರಿಗೂ ಬಿಡುವಿರಲಿಲ್ಲ. ಅರ್ಪೆನಿಕ್ ಹಗಲೆಲ್ಲ ಒಬ್ಬ ಗ್ರೀಕ್ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗುತ್ತಿದ್ದಳು. ಊರಿನವರ ತಾಯಂದಿರಿಗೆಲ್ಲ ಗಂಜಿ ಕುಡಿಸಿದ ಕೈ ಅದು.

ಮೇಷ್ಟ್ರು ಒಂದೊಂದೇ ಕೇಳಿ ಬರೆದುಕೊಂಡರು. ವಾರ್ದುಶ್ ಅಜ್ಜಿಯ ದನಿ ಕೋಣೆ ತುಂಬಿತು.

"ನಿನ್ನ ಗಂಡ ಬಂದಾಗ ನನ್ನ ಒಲೆ ರಿಪೇರಿ ಮಾಡಿದ ಕಣೇ. ಆಮೇಲೆ ಬೆಂಕಿ ಆರಿಸೋ ಗಾಡಿಯವರು ಬಂದು ಒಲೆ ಆರಿಸಿದ್ರು."

"ನಾಲ್ಕು ದಿನ ಇದ್ದ. ಅವನ ಮಾತು ಕೇಳಿ ಕೇಳಿ ಗೋಡೆ ಗಡಿಯಾರಾನೇ ನಿಂತೋಯ್ತು."

"ಪಾಪ, ಗೊರಕೆ ಹೊಡೆಯುವಾಗ ಮಾತ್ರ ಸುಳ್ಳು ಹೇಳಲ್ಲ."

"ಭಾಷೆ ಬಹಳ ಶುದ್ಧ," ಎಂದು ಮೇಷ್ಟ್ರು ಕಣ್ಣೊರೆಸಿಕೊಂಡರು. ನಕ್ಕು ನಕ್ಕು ಬಂದ ನೀರು. "ಇನ್ನೊಂದಿದೆ, ಕಡೇದು."

ಕಡೆಯದರಲ್ಲಿ ಅಜ್ಜಿಯ ದನಿ ತಗ್ಗಿತ್ತು. "ಮಗೂನ ಕರ್ಕೊಂಡು ಹೋದಾಗ, ಒಂದು ತಿಂಗಳಲ್ಲಿ ನಿಮ್ಮನ್ನೂ ಕರೆಸ್ಕೋತೀನಿ ಅಂದಿದ್ದ. ಹದಿನೆಂಟು ವರ್ಷ ಆಯ್ತು. ನನ್ನ ಮನೆ ನಿಮ್ಮದೇ ಅಂತಾನೆ, ಫೋನು ಮಾಡಿದಾಗಲೆಲ್ಲ ಅಂತಾನೆ. ಆ ಮನೆ ಬಾಗಿಲು ಯಾವ ಬಣ್ಣ ಅಂತ ನಂಗಿನ್ನೂ ಗೊತ್ತಿಲ್ಲ. ಇದನ್ನ ಅವನಿಗೆ ಹೇಳ್ಬೇಡ, ನೊಂದ್ಕೋತಾನೆ."

ಮೇಷ್ಟ್ರು ಪೆನ್ನು ಕೆಳಗಿಟ್ಟರು. "ಇದನ್ನ ಬಿಟ್ಟುಬಿಡೋಣ ವರಾಜ್ದಾತ್."

ಹದಿನೆಂಟು ವರ್ಷದಲ್ಲಿ ಅರರಾತ್ ಶಿಖರ, ತಲೆ, ಬಾಗಿಲು ಎಲ್ಲವನ್ನೂ ಕೊಟ್ಟಿದ್ದ ವರಾಜ್ದಾತ್ ಒಂದು ಅರ್ಜಿ ಕೊಟ್ಟಿರಲಿಲ್ಲ. ಮೊದಲು ಸ್ವಂತ ಕಾಗದಪತ್ರ ಸರಿಯಿರಲಿಲ್ಲ, ಆಮೇಲೆ ಮನೆ ಚಿಕ್ಕದಾಗಿತ್ತು, ಆಮೇಲೆ ಮಾತೇ ಸಾಕೆನಿಸಿತ್ತು. ಮಾತು ದೊಡ್ಡದಾದಷ್ಟೂ ಅರ್ಜಿ ಚಿಕ್ಕದಾಗಿ ಕಂಡಿತ್ತು.

"ಬೇಡ ಮೇಷ್ಟ್ರೇ. ಬರೀರಿ," ಎಂದ.

ಕೊನೆಯ ಪುಟದಲ್ಲಿ ಲಾಯರಮ್ಮ ಒಂದು ಸಾಲು ಸೇರಿಸಿದ್ದರು: 'ಮೇಲ್ಕಂಡ ಸಂಗತಿಗಳೆಲ್ಲ ನಿಜ.' ಕೆಳಗೆ ರುಜುವಿಗೆ ಜಾಗ. ಒಲೆ, ಗಡಿಯಾರ, ಗೊರಕೆ ಸಹಿತ ಎಲ್ಲಕ್ಕೂ ವರಾಜ್ದಾತ್ ರುಜು ಹಾಕಿದ. ಅದರ ಮೇಲೆ, ಅತ್ತೆ ಎಷ್ಟು ಕಾಲ ತಂಗುತ್ತಾರೆ ಎಂಬಲ್ಲಿ, 'ಹದಿನೈದು ದಿನ' ಎಂದು ಬರೆಯುವಾಗ ಮಾತ್ರ, ಸತ್ತ ಅಜ್ಜಂದಿರೆಲ್ಲ ಹಿಂದೆ ನಿಂತು ನೋಡುತ್ತಿದ್ದಾರೇನೋ ಎಂಬಂತೆ ಒಮ್ಮೆ ತಿರುಗಿ ನೋಡಿದ.

ಮದುವೆಗೆ ಎಂಟು ದಿನವಿರುವಾಗ ತೀರ್ಪು ಬಂತು. 'ಅರ್ಜಿದಾರರಿಗೆ ಆಹ್ವಾನಿಸಿದವರೊಡನೆ ಹದಿನೈದು ದಿನಕ್ಕಿಂತ ಹೆಚ್ಚು ಕಾಲ ಇರುವ ಇಚ್ಛೆ ಎಳ್ಳಷ್ಟೂ ಇಲ್ಲವೆಂಬುದು ಸಂದೇಹಕ್ಕೆಡೆಯಿಲ್ಲದಂತೆ ಸಾಬೀತಾಗಿದೆ' ಎಂದಿತ್ತು. ಮಂಚದ ಕೆಳಗಿನ ಪೆಟ್ಟಿಗೆ ಹೊರಗೆ ಬಂತು. ಆ ಭಾನುವಾರ ಅಂಗಳದಲ್ಲಿ ಭಾಷಣ ಮಾಡಿದವರು ಮೇಷ್ಟ್ರು. ವರಾಜ್ದಾತ್ ಕಾಫಿ ಮಾತ್ರ ಕುಡಿದ.

ವಾರ್ದುಶ್ ಅಜ್ಜಿ ಬಂದವರು ಹೊಸ್ತಿಲ ಹೊರಗೇ ನಿಂತು ಬಾಗಿಲನ್ನು ಮೇಲಿಂದ ಕೆಳಗೆ ನೋಡಿದರು.

"ಹಸಿರು," ಎಂದರು. ಅಷ್ಟೇ. ಒಳಗೆ ಬಂದು ಮೊಮ್ಮಗಳ ಮುಖ ಹಿಡಿದುಕೊಂಡು ಬಹಳ ಹೊತ್ತು ಕೂತರು.

ಮದುವೆ ಆಯಿತು. ಮಮೂಕಾ ಹೊಸ ಅಟ್ಟೆಯ ಬೂಟು ತೊಟ್ಟು ಬಂದು ಕುಣಿದ. ಅವನ ವಿಚಾರಣೆ ಮುಂದಿನ ತಿಂಗಳಿಗಿತ್ತು. ಹದಿನೈದು ದಿನವೂ ವರಾಜ್ದಾತ್ ಅತ್ತೆಯೆದುರು ದೊಡ್ಡ ಮಾತೊಂದನ್ನೂ ಆಡಲಿಲ್ಲ. ಒಲೆಯ ಹತ್ತಿರ ಸುಳಿಯಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಟ್ಯಾಕ್ಸಿ ಕೆಳಗೆ ಹಾರ್ನ್ ಮಾಡುತ್ತಿತ್ತು. ಅಜ್ಜಿಯ ಪೆಟ್ಟಿಗೆಯಲ್ಲಿ ಅರ್ಧ ಥೆಸಲೊನೀಕಿ ತುಂಬಿತ್ತು. ತಡೆಯುವ ಹಾಗಿಲ್ಲ, ಅಳುವ ಹಾಗಿಲ್ಲ. ಪೆಟ್ಟಿಗೆಯನ್ನಾದರೂ ಹೊರೋಣವೆಂದು ವರಾಜ್ದಾತ್ ಅದನ್ನು ಒಂದೇ ಉಸಿರಿಗೆ ಎತ್ತಿದ. ಸೊಂಟದಲ್ಲಿ ಏನೋ 'ಟಕ್' ಎಂದಿತು. ಮೊದಲು ಪೆಟ್ಟಿಗೆ, ಆಮೇಲೆ ರಾಜ, ಇಬ್ಬರೂ ಕೆಳಗೆ ಬಂದರು. ರಾಜ ಬಿದ್ದದ್ದು ಸರಿಯಾಗಿ ಹಸಿರು ಬಾಗಿಲಿಗೆ ಅಡ್ಡ.

"ಏಳು ಮಾರಾಯಾ!" ಎಂದು ಅರ್ಪೆನಿಕ್ ಕಿರುಚಿದಳು. "ನಾಟಕ ಆಡೋ ಹೊತ್ತಾ ಇದು? ವೀಸಾ ಇವತ್ತಿಗೆ ಮುಗಿಯುತ್ತೆ!"

"ನಾಟಕ ಅಲ್ಲ ಕಣೇ... ಸೊಂಟ..."

"ಪತ್ರದಲ್ಲಿ ಬರೆದಿದ್ದನ್ನ ಈಗ ಮಾಡ್ತಾ ಇದಾನೆ! ಅಮ್ಮಾ, ನೋಡಿ ಇವನನ್ನ!"

ವಾರ್ದುಶ್ ಅಜ್ಜಿ ಬಗ್ಗಿ ಅಳಿಯನ ಮುಖ ನೋಡಿದರು. ಅವನ ಕಣ್ಣಲ್ಲಿ ನೀರಿತ್ತು. ಸೊಂಟದ್ದೋ, ನಾಲ್ಕನೇ ಸಲದ್ದೋ, ಅವರು ಕೇಳಲಿಲ್ಲ.

"ಅಂತೂ ಹೇಳಿದ್ದರಲ್ಲಿ ಒಂದನ್ನ ಮಾಡಿದೆಯಲ್ಲ ಮಗನೇ," ಎಂದು ಅವನ ತಲೆ ಸವರಿ, ಲಂಗವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಅವನನ್ನು ದಾಟಿ ಹೋದರು.

ಆ ಗಳಿಗೆಯ ಫೋಟೋ ಒಂದಿದೆ, ಹಸ್ಮಿಕ್ ತೆಗೆದದ್ದು. ಅಜ್ಜಿಯ ಒಂದು ಕಾಲು ಹೊಸ್ತಿಲ ಒಳಗೆ, ಒಂದು ಹೊರಗೆ, ನಡುವೆ ವರಾಜ್ದಾತ್. ಬರುವ ವರ್ಷದ ವೀಸಾ ಅರ್ಜಿಗೆ ಲಾಯರಮ್ಮ ಅದನ್ನೇ ಮೊದಲನೇ ಪುರಾವೆಯಾಗಿ ಲಗತ್ತಿಸಿದ್ದಾರೆ. ಅರ್ಜಿದಾರರು ಮರಳಿ ಹೋಗುತ್ತಾರೆ ಎಂಬುದಕ್ಕೆ ತಮ್ಮ ಇಡೀ ವೃತ್ತಿಯಲ್ಲಿ ಇದಕ್ಕಿಂತ ಗಟ್ಟಿ ಸಾಕ್ಷ್ಯ ಕಂಡಿಲ್ಲವಂತೆ. ಅದರ ಕೆಳಗೊಂದು ಸಾಲಿದೆ: 'ಚಿತ್ರದಲ್ಲಿ ಮಲಗಿರುವವನು ನಾನೇ.'

ಈ ಸಲ ವರಾಜ್ದಾತ್ ಏನನ್ನೂ ಹರಿಯಲಿಲ್ಲ. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ನಿಂತುಕೊಂಡೇ ರುಜು ಹಾಕಿದ. ಕೂರಲು ಆಗುತ್ತಿರಲಿಲ್ಲ.